ಅಂಗವೈಕಲ್ಯ ಮಾಸಾಶನದ ಅರ್ಜಿದಾರರು ಮತ್ತು ದುಡಿಮೆ: ಅಮೆರಿಕದ ಸಾಮಾಜಿಕ ಭದ್ರತಾ ವ್ಯವಸ್ಥೆ

ಕಾಯಿಲೆ, ಅಪಘಾತ ಅಥವಾ ಮನೋರೋಗದಿಂದ ದುಡಿಯಲಾಗದೆ ಹೋದವರಿಗೆ ಅಮೆರಿಕ ಸಂಯುಕ್ತ ಸಂಸ್ಥಾನದ ಒಕ್ಕೂಟ ಸರ್ಕಾರ ಮಾಸಾಶನ ಕೊಡುತ್ತದೆ. ಇದನ್ನು ನೋಡಿಕೊಳ್ಳುವ ಇಲಾಖೆ ಸಾಮಾಜಿಕ ಭದ್ರತಾ ಆಡಳಿತ. ಅರ್ಜಿ ಹಾಕಿದ ದಿನಕ್ಕೂ ತೀರ್ಮಾನ ಕೈಸೇರುವ ದಿನಕ್ಕೂ ನಡುವೆ ತಿಂಗಳುಗಳು, ಎಷ್ಟೋ ಸಲ ವರ್ಷಗಳು, ಸರಿದುಹೋಗುತ್ತವೆ. ಆ ನಡುಗಾಲದಲ್ಲಿ ಅರ್ಜಿದಾರ ಹೊಟ್ಟೆಪಾಡಿಗೆ ಮಾಡುವ ಕೆಲಸವನ್ನು ಕಾನೂನು ಹೇಗೆ ಎಣಿಸುತ್ತದೆ ಎಂಬುದು ಈ ಲೇಖನದ ವಿಷಯ. ಕೆಲಸ ಮಾಡಬಾರದೆಂಬ ನಿಷೇಧ ಎಲ್ಲೂ ಇಲ್ಲ. ಆದರೆ ಗಳಿಕೆ ಒಂದು ಗೆರೆ ದಾಟಿತೆಂದರೆ ವೈದ್ಯರ ವರದಿಯನ್ನು ಯಾರೂ ಬಿಚ್ಚಿ ನೋಡದೆಯೇ ಅರ್ಜಿ ಬಿದ್ದುಹೋಗುತ್ತದೆ. 2025ರಲ್ಲಿ ಆ ಗೆರೆ ತಿಂಗಳಿಗೆ 1,620 ಡಾಲರ್. ದೃಷ್ಟಿಹೀನರಿಗೆ 2,700 ಡಾಲರ್.

ಕರ್ನಾಟಕದ ಓದುಗರಿಗೆ ಈ ಗೆರೆ ವಿಚಿತ್ರವೆನಿಸಬಹುದು. ನಮ್ಮಲ್ಲಿ ಅಂಗವಿಕಲತೆಯನ್ನು ಅಳೆಯುವುದು ಶೇಕಡಾ ಲೆಕ್ಕದಲ್ಲಿ. ಸರ್ಕಾರಿ ಆಸ್ಪತ್ರೆಯ ವೈದ್ಯಕೀಯ ಮಂಡಳಿ ಶೇ 40 ಎಂದೋ ಶೇ 75 ಎಂದೋ ಬರೆದುಕೊಟ್ಟರೆ ಆ ಅಂಕಿ ಯುಡಿಐಡಿ ಕಾರ್ಡಿನ ಮೇಲೆ ಅಚ್ಚಾಗುತ್ತದೆ; ಬಸ್‌ಪಾಸಿನಿಂದ ಹಿಡಿದು ಮಾಸಾಶನದವರೆಗೆ ಎಲ್ಲಕ್ಕೂ ಅದೇ ಆಧಾರ. ಅಮೆರಿಕದಲ್ಲೂ ಮಾಜಿ ಸೈನಿಕರ ಪರಿಹಾರಕ್ಕೆ ಶೇಕಡಾ ಲೆಕ್ಕವಿದೆ. ಸಾಮಾಜಿಕ ಭದ್ರತೆಯಲ್ಲಿ ಮಾತ್ರ ಅರ್ಧ ಅಂಗವಿಕಲ, ಮುಕ್ಕಾಲು ಅಂಗವಿಕಲ ಎಂಬ ಮಾತೇ ಇಲ್ಲ. ಕನಿಷ್ಠ 12 ತಿಂಗಳು ಉಳಿಯುವ, ಅಥವಾ ಸಾವಿನಲ್ಲಿ ಮುಗಿಯಬಹುದಾದ, ವೈದ್ಯಕೀಯವಾಗಿ ದೃಢಪಟ್ಟ ತೊಂದರೆಯಿಂದಾಗಿ ಯಾವ ‘ಗಣನೀಯ ಲಾಭದಾಯಕ ದುಡಿಮೆ’ಯನ್ನೂ ಮಾಡಲಾಗದವರು ಅಂಗವಿಕಲರು, ಉಳಿದವರು ಅಲ್ಲ. ಅಂದರೆ ಇಲ್ಲಿ ಅಳತೆಗೋಲು ದೇಹದ ಮೇಲಿಲ್ಲ, ದುಡಿಮೆಯ ಮೇಲಿದೆ. ಅರ್ಜಿದಾರ ಮಾಡಿದ ಪ್ರತಿಯೊಂದು ಗಂಟೆಯ ಕೆಲಸವೂ ಅದರಿಂದಲೇ ಅವನ ವಿರುದ್ಧದ ಸಾಕ್ಷ್ಯವಾಗಬಲ್ಲದು.

ಎರಡು ಯೋಜನೆಗಳು

ಒಂದೇ ಕಚೇರಿ, ಒಂದೇ ವೈದ್ಯಕೀಯ ವ್ಯಾಖ್ಯೆ, ಆದರೆ ಹಣದ ಮೂಲ ಎರಡು. ಮೊದಲನೆಯದು ಅಂಗವೈಕಲ್ಯ ವಿಮೆ, ಆಡುಮಾತಿನಲ್ಲಿ ಎಸ್‌ಎಸ್‌ಡಿಐ. ಸಂಬಳದಿಂದ ಹಿಡಿದುಕೊಳ್ಳುವ ಸಾಮಾಜಿಕ ಭದ್ರತಾ ತೆರಿಗೆಯಲ್ಲಿ ನೌಕರನಿಂದ ಶೇ 0.9, ಮಾಲೀಕನಿಂದ ಶೇ 0.9 ಭಾಗ ಇದಕ್ಕೆ ಹೋಗುತ್ತದೆ. ವಿಮೆಯಾದ್ದರಿಂದ ಹಿಂದೆ ದುಡಿದು ಕಂತು ಕಟ್ಟಿದವರಿಗಷ್ಟೇ ಹಕ್ಕು. 31 ದಾಟಿದವರು ಸಾಮಾನ್ಯವಾಗಿ ಕಳೆದ 10 ವರ್ಷಗಳಲ್ಲಿ 5 ವರ್ಷವಾದರೂ ದುಡಿದಿರಬೇಕು. ಅದಕ್ಕಿಂತ ಚಿಕ್ಕವರಿಗೆ ಕಡಿಮೆ ಸಾಕು. ಎರಡನೆಯದು ಎಸ್‌ಎಸ್‌ಐ. ಇದು ಸಾಮಾನ್ಯ ತೆರಿಗೆಯ ಹಣದಿಂದ ಬಡವರಿಗೆ ಕೊಡುವ ನೆರವು. ಕಂತಿನ ಶರತ್ತಿಲ್ಲ, ಬದಲಿಗೆ ಬಡತನದ ಶರತ್ತಿದೆ: ಒಬ್ಬರ ಬಳಿ 2,000 ಡಾಲರಿಗಿಂತ, ದಂಪತಿಯ ಬಳಿ 3,000 ಡಾಲರಿಗಿಂತ ಹೆಚ್ಚು ಉಳಿತಾಯ ಇರುವಂತಿಲ್ಲ. ವಾಸದ ಮನೆ, ಒಂದು ಕಾರು ಲೆಕ್ಕಕ್ಕಿಲ್ಲ. 1989ರಲ್ಲಿ ನಿಂತ ಈ ಮೊತ್ತಗಳು ಇಂದಿಗೂ ಅಲ್ಲೇ ನಿಂತಿವೆ. ಎಸ್‌ಎಸ್‌ಐನ ಪೂರ್ಣ ಮೊತ್ತ 2025ರಲ್ಲಿ ಒಬ್ಬರಿಗೆ 967 ಡಾಲರ್. ವಿಮೆಯ ಮಾಸಾಶನ ಹಿಂದಿನ ಗಳಿಕೆಯನ್ನು ಅವಲಂಬಿಸಿರುವುದರಿಂದ ಆಳಿಂದಾಳಿಗೆ ಬೇರೆ. ಅದೇ ವರ್ಷದ ಸರಾಸರಿ ಸುಮಾರು 1,580 ಡಾಲರ್.

ಗೆರೆ ಬಂದ ದಾರಿ

1935ರ ಸಾಮಾಜಿಕ ಭದ್ರತಾ ಕಾಯ್ದೆಯಲ್ಲಿ ಅಂಗವೈಕಲ್ಯ ವಿಮೆ ಇರಲಿಲ್ಲ. ಮುಪ್ಪನ್ನು ಜನನ ದಾಖಲೆಯಿಂದ ತಿಳಿಯಬಹುದು, ‘ದುಡಿಯಲಾಗದು’ ಎಂಬುದನ್ನು ತಿಳಿಯುವುದು ಹೇಗೆ ಎಂಬ ಅನುಮಾನ ಇಪ್ಪತ್ತು ವರ್ಷ ಕಾಡಿತು. ಕೆಲಸಗಳ್ಳರಿಗೆ ಹಬ್ಬವಾಗುತ್ತದೆ ಎಂದವರಿದ್ದರು. ಅಮೆರಿಕನ್ ವೈದ್ಯಕೀಯ ಸಂಘ ಗಟ್ಟಿಯಾಗಿ ವಿರೋಧಿಸಿತು. 1954ರಲ್ಲಿ ಒಂದು ಅರೆಹೆಜ್ಜೆ ಬಿತ್ತು: ದುಡಿಯಲಾಗದ ವರ್ಷಗಳು ಮುಂದಿನ ನಿವೃತ್ತಿ ವೇತನವನ್ನು ತಗ್ಗಿಸದಂತೆ ಲೆಕ್ಕವನ್ನು ‘ಹೆಪ್ಪುಗಟ್ಟಿಸುವ’ ವ್ಯವಸ್ಥೆ ಬಂತು. ನಗದು ಮಾಸಾಶನದ ಪ್ರಸ್ತಾಪ 1956ರಲ್ಲಿ ಸೆನೆಟ್ ಮುಂದೆ ಬಂದಾಗ ಜಾರ್ಜಿಯಾದ ಹಿರಿಯ ಸದಸ್ಯ ವಾಲ್ಟರ್ ಜಾರ್ಜ್ ಬೆನ್ನಿಗೆ ನಿಂತರು. ಅವರ ತಿದ್ದುಪಡಿ 47ಕ್ಕೆ 45 ಮತಗಳಿಂದ, ಕೂದಲೆಳೆಯಲ್ಲಿ, ಗೆದ್ದಿತು. ಅದೇ ಆಗಸ್ಟ್ 1ರಂದು ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿದರು. ಆಗ 50ರಿಂದ 64 ವರ್ಷದವರಿಗೆ ಮಾತ್ರ ಮಾಸಾಶನ. ಕೆಳಗಿನ ವಯೋಮಿತಿ 1960ರಲ್ಲಿ ಹೋಯಿತು. ಎಸ್‌ಎಸ್‌ಐ 1972ರ ಕಾನೂನಿನಿಂದ ಹುಟ್ಟಿ 1974ರ ಜನವರಿಯಿಂದ ಜಾರಿಗೆ ಬಂತು.

ಎರಡೇ ಮತಗಳ ಅಂತರದಿಂದ ಹುಟ್ಟಿದ ಯೋಜನೆಗೆ ಹುಟ್ಟಿನ ಅಂಜಿಕೆ ಇನ್ನೂ ಬಿಟ್ಟಿಲ್ಲ. ವ್ಯಾಖ್ಯೆ ಅಷ್ಟು ಬಿಗಿಯಾಗಿರುವುದಕ್ಕೆ, ದುಡಿದವನ ಮೇಲೆ ಅಷ್ಟು ಅನುಮಾನವಿರುವುದಕ್ಕೆ ಕಾರಣ ಅಲ್ಲಿದೆ.

‘ಗಣನೀಯ ಲಾಭದಾಯಕ ದುಡಿಮೆ’ಗೆ ಅರ್ಜಿದಾರರೂ ವಕೀಲರೂ ‘ಎಸ್‌ಜಿಎ’ ಎನ್ನುತ್ತಾರೆ. ಕಾಯ್ದೆ ಮೊತ್ತವನ್ನು ಆಡಳಿತಕ್ಕೇ ಬಿಟ್ಟಿದೆ. ಅದು 1980ರಲ್ಲಿ ತಿಂಗಳಿಗೆ 300 ಡಾಲರ್ ಎಂದಾಯಿತು. ಆ ಹತ್ತು ವರ್ಷ ಬೆಲೆಗಳೆಲ್ಲ ಏರಿದರೂ ಗೆರೆ ಮಿಸುಕಲಿಲ್ಲ. 1990ರಲ್ಲಿ 500, 1999ರ ಜುಲೈಯಲ್ಲಿ 700. 2001ರಿಂದ ಮೊತ್ತವನ್ನು ರಾಷ್ಟ್ರೀಯ ಸರಾಸರಿ ಸಂಬಳದ ಸೂಚ್ಯಂಕಕ್ಕೆ ಕಟ್ಟಿದ್ದರಿಂದ ಅದು ತಾನಾಗಿ ಏರುತ್ತಿದೆ. ದೃಷ್ಟಿಹೀನರ ಗೆರೆ ಎತ್ತರದಲ್ಲಿರುವುದಕ್ಕೆ ವೈದ್ಯಕೀಯ ಕಾರಣವೇನೂ ಇಲ್ಲ. 1940ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಫೆಡರೇಶನ್ ಆಫ್ ದಿ ಬ್ಲೈಂಡ್ ಮುಂತಾದ ಸಂಘಟನೆಗಳು ದಶಕಗಳ ಕಾಲ ವಾಷಿಂಗ್ಟನ್ನಿನ ಬಾಗಿಲು ತಟ್ಟಿದವು. 1977ರ ತಿದ್ದುಪಡಿ ಅವರಿಗೆ ಪ್ರತ್ಯೇಕ ಮೊತ್ತ ಕೊಟ್ಟಿತು. ಸಂಘಟಿತರಿಗೊಂದು ಗೆರೆ, ಉಳಿದವರಿಗೊಂದು ಎಂದರೆ ತಪ್ಪಾಗಲಾರದು.

ಐದು ಮೆಟ್ಟಿಲು

ಅರ್ಜಿಯನ್ನು ಐದು ಪ್ರಶ್ನೆಗಳ ಸರಣಿಯಲ್ಲಿ ನೋಡುತ್ತಾರೆ. ಅರ್ಜಿದಾರ ಈಗ ಎಸ್‌ಜಿಎ ಮಟ್ಟದಲ್ಲಿ ದುಡಿಯುತ್ತಿದ್ದಾನೆಯೇ? ಹೌದಾದರೆ ಅಲ್ಲಿಗೇ ಮುಗಿಯಿತು. ಇಲ್ಲವಾದರೆ, ತೊಂದರೆ ಗಂಭೀರವೇ, ಅದು ಆಡಳಿತದ ರೋಗಪಟ್ಟಿಯ ಮಟ್ಟಕ್ಕೆ ಸಮವೇ, ಹಿಂದಿನ ಕೆಲಸಕ್ಕೆ ಮರಳಬಲ್ಲನೇ, ದೇಶದಲ್ಲಿರುವ ಬೇರಾವುದಾದರೂ ಕೆಲಸ ಮಾಡಬಲ್ಲನೇ ಎಂದು ಒಂದರ ಮೇಲೊಂದು ಕೇಳುತ್ತಾ ಹೋಗುತ್ತಾರೆ. ಮೊದಲ ಪ್ರಶ್ನೆಯನ್ನು ಇತ್ಯರ್ಥ ಮಾಡುವುದು ಆಡಳಿತದ ಸ್ಥಳೀಯ ಕಚೇರಿ. ವೈದ್ಯಕೀಯ ಪ್ರಶ್ನೆಗಳು ಆಯಾ ರಾಜ್ಯದ ನಿರ್ಣಯ ಘಟಕಕ್ಕೆ ಹೋಗುತ್ತವೆ. ಹಣ ಒಕ್ಕೂಟದ್ದು, ತೀರ್ಮಾನ ರಾಜ್ಯದ್ದು ಎಂಬ ಈ ಹಂಚಿಕೆ 1954ರ ರಾಜಿಯ ಕೂಸು.

‘ಹಿಂದಿನ ಕೆಲಸ’ ಎಂದರೆ ಬಹುಕಾಲ ಕಳೆದ 15 ವರ್ಷಗಳ ಕೆಲಸವೆಂದಿತ್ತು. 2024ರ ಜೂನ್ 22ರಿಂದ ಅದನ್ನು 5 ವರ್ಷಕ್ಕೆ ಇಳಿಸಲಾಗಿದೆ. ಕೊನೆಯ ಮೆಟ್ಟಿಲಲ್ಲಿ ವಯಸ್ಸು, ಓದು, ಕಸುಬುಗಳನ್ನು ಕೂಡಿಸಿ ನೋಡುವ ಕೋಷ್ಟಕಗಳಿವೆ. 50, 55 ದಾಟಿದವರ ಹಾದಿ ಸ್ವಲ್ಪ ಹಗುರ. ಇಲ್ಲಿ ಒಂದು ತಮಾಷೆಯೂ ಇದೆ. ಯಾವ ಯಾವ ಉದ್ಯೋಗಗಳಿವೆ ಎಂದು ತಿಳಿಯಲು ಅಧಿಕಾರಿಗಳು ತೆರೆಯುವ ವೃತ್ತಿಕೋಶ ಕೊನೆಯ ಸಲ ಪರಿಷ್ಕಾರಗೊಂಡದ್ದು 1991ರಲ್ಲಿ. ಬೀಜ ಆರಿಸುವುದು, ಮರದ ಗೂಟ ತಪಾಸಣೆ ಮುಂತಾದ, ಮಾರುಕಟ್ಟೆಯಿಂದ ಬಹುಪಾಲು ಮಾಯವಾದ ಕೆಲಸಗಳನ್ನು ತೋರಿಸಿ ‘ನೀವು ಇದನ್ನು ಮಾಡಬಲ್ಲಿರಿ’ ಎಂದು ಅರ್ಜಿಗಳನ್ನು ತಳ್ಳಿಹಾಕುತ್ತಿದ್ದರು. ಪತ್ರಿಕೆಗಳು ಇದನ್ನು ಬಯಲಿಗೆಳೆದ ಮೇಲೆ, 2024ರಲ್ಲಿ, ಅಂಥ ನೂರಕ್ಕೂ ಹೆಚ್ಚು ವೃತ್ತಿಗಳನ್ನು ಆಡಳಿತ ಬದಿಗಿಟ್ಟಿತು.

ಗಳಿಕೆಯ ಎಣಿಕೆ

1,620 ಎಂಬ ಅಂಕಿ ನೋಡಲು ಸರಳ. ಆದರೆ ಯಾವ 1,620? ಕೈಗೆ ಬರುವ ಹಣವನ್ನಲ್ಲ, ತೆರಿಗೆ ಕಡಿತಕ್ಕೆ ಮುಂಚಿನ ಸಂಬಳವನ್ನು ಲೆಕ್ಕ ಹಿಡಿಯುತ್ತಾರೆ. ಹಣ ಯಾವಾಗ ಬಂತು ಎನ್ನುವುದಕ್ಕಿಂತ ಯಾವ ತಿಂಗಳು ದುಡಿದದ್ದು ಎನ್ನುವುದು ಮುಖ್ಯ. ಕೆಲಸ ಮಾಡದ ದಿನಗಳಿಗೆ ಸಿಕ್ಕ ರಜೆಯ ಸಂಬಳ, ಅನಾರೋಗ್ಯ ರಜೆಯ ಸಂಬಳ ದುಡಿಮೆಯಲ್ಲ. ಗಳಿಕೆ ತಿಂಗಳಿಂದ ತಿಂಗಳಿಗೆ ಏರಿಳಿದರೆ ಸರಾಸರಿ ತೆಗೆಯುವುದುಂಟು.

ಇಲ್ಲಿಂದ ಮುಂದೆ ಕಾನೂನು ತಾನೇ ಕೆಲವು ಬಾಗಿಲು ತೆರೆದಿಟ್ಟಿದೆ. ಅವು ತಿಳಿಯದೆ ಅರ್ಜಿ ಕಳೆದುಕೊಳ್ಳುವವರು ಹಲವರು, ಆದ್ದರಿಂದ ಸ್ವಲ್ಪ ವಿವರವಾಗಿ ನೋಡಬೇಕು. ಕೆಲಸಕ್ಕೆ ಹೋಗಲೆಂದೇ ತೊಂದರೆಯ ಕಾರಣದಿಂದ ಕೈಯಿಂದ ಹಾಕುವ ಖರ್ಚನ್ನು ಗಳಿಕೆಯಿಂದ ಕಳೆಯಬಹುದು: ಔಷಧಿ, ಗಾಲಿಕುರ್ಚಿಯ ದುರಸ್ತಿ, ಬಸ್ಸು ಹತ್ತಲಾಗದವರ ವಿಶೇಷ ವಾಹನ, ಬೆಳಿಗ್ಗೆ ಎಬ್ಬಿಸಿ ಸಿದ್ಧಮಾಡುವ ಸಹಾಯಕಿಯ ಕೂಲಿ. ತಿಂಗಳಿಗೆ 1,800 ಡಾಲರ್ ಗಳಿಸುವವರು ಇಂಥ 250 ಡಾಲರಿನ ರಸೀದಿ ತೋರಿಸಿದರೆ ಲೆಕ್ಕಕ್ಕೆ ಉಳಿಯುವುದು 1,550. ಗೆರೆಯ ಮೇಲಿದ್ದವರು ಕೆಳಗೆ ಬಂದರು. ಈ ಕಡಿತ ಬಂದದ್ದು 1980ರ ತಿದ್ದುಪಡಿಯಿಂದ.

ಇನ್ನೊಂದು ಮಾಲೀಕನ ಕರುಣೆಯ ಲೆಕ್ಕ. ಹಳೆಯ ಮಾಲೀಕ ಅಥವಾ ಬಂಧು, ಮಾಡಿದ ಕೆಲಸದ ಬೆಲೆಗಿಂತ ಹೆಚ್ಚು ಸಂಬಳ ಕೊಟ್ಟು ಇಟ್ಟುಕೊಂಡಿರಬಹುದು. ಪಕ್ಕದಲ್ಲೊಬ್ಬ ಸಹಾಯಕನನ್ನು ನಿಲ್ಲಿಸಿರಬಹುದು. ಬೇಕಾದಾಗ ಮಲಗಲು ಬಿಟ್ಟಿರಬಹುದು. ಅಂಥಲ್ಲಿ ಸಂಬಳದ ಒಂದು ಪಾಲು ದಾನವೆಂದು ಎಣಿಸಿ ಕೆಲಸದ ನಿಜಬೆಲೆಯನ್ನಷ್ಟೇ ಹಿಡಿಯಬೇಕು. 1,900 ಡಾಲರ್ ಪಡೆಯುವವನ ಉತ್ಪಾದನೆ ಇತರರ ಮುಕ್ಕಾಲು ಪಾಲು ಎಂದು ಮಾಲೀಕ ಬರೆದುಕೊಟ್ಟರೆ ನಿಜಬೆಲೆ 1,425. ಇದನ್ನು ಹೇಳಬೇಕಾದವನು ಮಾಲೀಕ ಎಂಬುದೇ ತೊಡಕು. ತನ್ನ ನೌಕರ ಮುಕ್ಕಾಲು ಕೆಲಸದವನೆಂದು ಕಾಗದದ ಮೇಲೆ ಬರೆಯಲು ಹಿಂದೆಮುಂದೆ ನೋಡುವವರೇ ಹೆಚ್ಚು.

ಮೂರನೆಯದು ‘ವಿಫಲ ಯತ್ನ’. ಬಿಡುವಿನ ನಂತರ ಮತ್ತೆ ಕೆಲಸಕ್ಕೆ ಸೇರಿ, ಅದೇ ತೊಂದರೆಯಿಂದ ಆರು ತಿಂಗಳೊಳಗೆ ಬಿಡಬೇಕಾಗಿ ಬಂದರೆ, ಅಥವಾ ಗೆರೆಯ ಕೆಳಕ್ಕೆ ಇಳಿಸಬೇಕಾಗಿ ಬಂದರೆ, ಆ ಗಳಿಕೆ ಎಷ್ಟೇ ಇದ್ದರೂ ಲೆಕ್ಕದಿಂದ ಹೊರಗೆ. ಸೋತ ಪ್ರಯತ್ನ ಇಲ್ಲಿ ಅರ್ಜಿಯನ್ನು ಬಲಪಡಿಸುವುದೂ ಉಂಟು: ಕೂತು ಉಣ್ಣಲು ಬಂದವನಲ್ಲ, ಕೈಲಾದಷ್ಟು ನೋಡಿದ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಗದು. ಏಳನೆಯ ತಿಂಗಳಿಗೆ ಕಾಲಿಟ್ಟರೆ ಮಾತ್ರ ಈ ರಕ್ಷೆ ಇಲ್ಲ.

ಸ್ವಂತ ಅಂಗಡಿ, ಜಮೀನು, ಬಾಡಿಗೆ ಕಾರು ಓಡಿಸುವವರ ಮಟ್ಟಿಗೆ ಬರಿಯ ಲಾಭ ನೋಡಿದರೆ ಸಾಲದು. ನಷ್ಟ ತೋರಿಸುವ ಅಂಗಡಿಕಾರನೂ ದಿನವಿಡೀ ದುಡಿದಿರಬಹುದು. ಅದಕ್ಕೆ ಅವನು ವ್ಯಾಪಾರಕ್ಕೆ ಕೊಟ್ಟ ಸೇವೆ ಎಷ್ಟು, ಅದೇ ಕಸುಬಿನ ಆರೋಗ್ಯವಂತರಿಗೆ ಹೋಲಿಸಿದರೆ ಹೇಗೆ, ಅದೇ ಕೆಲಸಕ್ಕೆ ಆಳಿಟ್ಟರೆ ಏನು ಕೊಡಬೇಕಾಗುತ್ತಿತ್ತು ಎಂದು ಮೂರು ಬಗೆಯಲ್ಲಿ ಪರೀಕ್ಷಿಸುತ್ತಾರೆ. ಹೆಂಡತಿ ಮಕ್ಕಳು ಸಂಬಳವಿಲ್ಲದೆ ಮಾಡಿದ ಕೆಲಸದ ಬೆಲೆಯನ್ನು ಲಾಭದಿಂದ ಕಳೆಯಬಹುದು.

ಮನೆಗೆಲಸ, ತನ್ನ ಸ್ನಾನ ಊಟ, ಹವ್ಯಾಸ, ಚಿಕಿತ್ಸೆ, ಶಾಲೆಗೆ ಹೋಗುವುದು, ಸಂಘದ ಚಟುವಟಿಕೆ ಇವು ಸಾಮಾನ್ಯವಾಗಿ ಎಸ್‌ಜಿಎ ಅಲ್ಲವೆಂದು ನಿಯಮವೇ ಹೇಳುತ್ತದೆ. ಕಳ್ಳದಂಧೆ ಮಾತ್ರ ಎಣಿಕೆಗೆ ಸೇರುತ್ತದೆ! ದುಡಿಮೆ ಕಾನೂನುಬಾಹಿರವಾದರೂ ದುಡಿಮೆಯೇ.

ಗೆರೆಯ ಕೆಳಗಿನ ದುಡಿಮೆ

ವಾರಕ್ಕೆ ಹದಿನೈದು ಗಂಟೆ ಗಲ್ಲಾಪೆಟ್ಟಿಗೆಯಲ್ಲಿ ಕೂತು ತಿಂಗಳಿಗೆ 700 ಡಾಲರ್ ತರುವ ಅರ್ಜಿದಾರ ಮೊದಲ ಮೆಟ್ಟಿಲು ದಾಟಿದ. ಅಪಾಯ ಅಲ್ಲಿಗೆ ಮುಗಿಯಲಿಲ್ಲ. ಗಣನೀಯವಲ್ಲದ ಕೆಲಸ ಕೂಡ ಮಾಡಿದ್ದಕ್ಕಿಂತ ಹೆಚ್ಚು ಮಾಡಬಲ್ಲನೆಂದು ತೋರಿಸಬಹುದು ಎಂದು ನಿಯಮ ಎಚ್ಚರಿಸುತ್ತದೆ. ಪೆಟ್ಟಿಗೆ ಎತ್ತುತ್ತೀರಾ, ಎಷ್ಟು ಹೊತ್ತು ನಿಲ್ಲುತ್ತೀರಿ, ಎಷ್ಟು ದಿನ ಗೈರಾಗಿದ್ದೀರಿ ಎಂದು ವಿಚಾರಣೆಯಲ್ಲಿ ಕೇಳುತ್ತಾರೆ. ಬೆನ್ನುನೋವಿನಿಂದ ಕೂರಲಾಗದೆಂದು ಬರೆದವನು ಕೂತು ಮಾಡುವ ಕೆಲಸದಲ್ಲಿದ್ದರೆ ಉತ್ತರ ಕೊಡಬೇಕಾಗುತ್ತದೆ.

ಇದಕ್ಕೆ ಎದುರಾಗಿ ಇನ್ನೊಂದು ಮಾನದಂಡವಿದೆ. ಕೊನೆಯ ಮೆಟ್ಟಿಲಲ್ಲಿ ಅಳೆಯಬೇಕಾದ್ದು ದಿನಕ್ಕೆ ಎಂಟು ಗಂಟೆ, ವಾರಕ್ಕೆ ಐದು ದಿನ, ವಾರದ ಮೇಲೆ ವಾರ ಎಡೆಬಿಡದೆ ದುಡಿಯುವ ಶಕ್ತಿಯನ್ನು. ಹದಿನೈದು ಗಂಟೆ ದುಡಿದು ಉಳಿದ ದಿನ ಹಾಸಿಗೆ ಹಿಡಿಯುವವನು ನಲವತ್ತು ಗಂಟೆ ದುಡಿಯಬಲ್ಲನೆಂದು ಹೇಳಲಾಗದು. ನುರಿತ ವಕೀಲರು ಅದನ್ನೇ ಹಿಡಿದು ವಾದಿಸುತ್ತಾರೆ: ಕೆಲಸದ ಮರುದಿನ ಏನಾಯಿತು ಎಂಬುದನ್ನು ಬರೆದಿಡಿ ಎನ್ನುತ್ತಾರೆ.

ಚೂರುಪಾರು ದುಡಿಮೆಗೆ ಒಂದು ಲಾಭವೂ ಇದೆ, ಅದು ಬಹಳ ಜನರ ಗಮನಕ್ಕೆ ಬರುವುದಿಲ್ಲ. ದುಡಿಮೆ ಪೂರ್ತಿ ನಿಂತ ಸುಮಾರು ಐದು ವರ್ಷಕ್ಕೆ ವಿಮೆಯ ರಕ್ಷೆ ತೀರಿಹೋಗುತ್ತದೆ. ಆಮೇಲೆ ಹಾಸಿಗೆ ಹಿಡಿದರೂ ಎಸ್‌ಎಸ್‌ಡಿಐ ಸಿಗದು. ಈ ರಕ್ಷೆಯನ್ನು ಗಳಿಕೆಯ ಅಂಕಗಳಲ್ಲಿ ಎಣಿಸುತ್ತಾರೆ: 2025ರಲ್ಲಿ 1,810 ಡಾಲರ್ ಗಳಿಕೆಗೆ ಒಂದು ಅಂಕ, ವರ್ಷಕ್ಕೆ ಹೆಚ್ಚೆಂದರೆ ನಾಲ್ಕು. ತಿಂಗಳಿಗೆ 700ರಂತೆ ವರ್ಷಕ್ಕೆ 8,400 ಗಳಿಸಿದ ನಮ್ಮ ಗಲ್ಲಾದವನಿಗೆ ನಾಲ್ಕೂ ಅಂಕ ಬಂದವು. ಎಸ್‌ಜಿಎ ಗೆರೆಯನ್ನು ಮುಟ್ಟದೆಯೇ ವಿಮೆಯನ್ನು ಜೀವಂತ ಇಟ್ಟುಕೊಳ್ಳುವ ಸಣ್ಣ ಸಂದಿ ಇದು.

ದುಡಿಮೆಯ ವಿವರವನ್ನು ನೌಕರರು 821ನೇ ನಮೂನೆಯಲ್ಲಿ, ಸ್ವಂತ ಉದ್ಯೋಗಿಗಳು 820ರಲ್ಲಿ ತುಂಬಿಕೊಡಬೇಕು. ಮುಚ್ಚಿಟ್ಟರೆ ಏನೂ ಗಿಟ್ಟದು, ಏಕೆಂದರೆ ಮಾಲೀಕ ಸಲ್ಲಿಸುವ ಸಂಬಳದ ದಾಖಲೆ ಇದೇ ಆಡಳಿತಕ್ಕೆ ಬರುತ್ತದೆ. ನಗದಾಗಿ ಕೂಲಿ ಪಡೆದವರು ಸಿಕ್ಕಿಬೀಳದಿರಬಹುದು; ಅವರ ಅಂಕಗಳೂ ಬೀಳುವುದಿಲ್ಲ.

ಎರಡು ತೀರ್ಪುಗಳು

ಅರ್ಜಿಯ ಕಾಲದ ದುಡಿಮೆ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದ ಮೊಕದ್ದಮೆಗಳಲ್ಲಿ ಎರಡು ಮುಖ್ಯ. ಎರಡನ್ನೂ ಬರೆದವರು ನ್ಯಾಯಮೂರ್ತಿ ಸ್ಟೀಫನ್ ಬ್ರೇಯರ್.

ಬಾರ್ನ್‌ಹಾರ್ಟ್ ವಿರುದ್ಧ ವಾಲ್ಟನ್ ಪ್ರಕರಣ ಮನೋರೋಗದಿಂದ 1994ರ ಅಕ್ಟೋಬರ್ ಹೊತ್ತಿಗೆ ಕೆಲಸ ಕಳೆದುಕೊಂಡ ಶಿಕ್ಷಕನದು. 1995ರ ನಡುವಿನಲ್ಲಿ ಆತ ಅಂಗಡಿಯೊಂದರಲ್ಲಿ ಅರೆಕಾಲಿಕ ಕ್ಯಾಷಿಯರ್ ಆದ. ಡಿಸೆಂಬರ್ ಹೊತ್ತಿಗೆ ಗಳಿಕೆ ಗೆರೆ ದಾಟಿತು. ಆಡಳಿತ ಕೈಬೆರಳು ಎಣಿಸಿತು: ದುಡಿಯಲಾಗದೆ ಇದ್ದದ್ದು 11 ತಿಂಗಳು, ಬೇಕಾದದ್ದು 12. ಅರ್ಜಿ ತಿರಸ್ಕೃತ. ಕಾಯಿಲೆ 12 ತಿಂಗಳು ಇದ್ದರೆ ಸಾಕು, ದುಡಿಯಲಾಗದ ಸ್ಥಿತಿಯೇ ಅಷ್ಟು ಕಾಲ ಇರಬೇಕೆಂದು ಕಾಯ್ದೆ ಹೇಳುವುದಿಲ್ಲ ಎಂದು ಮೇಲ್ಮನವಿ ನ್ಯಾಯಾಲಯ ಅರ್ಜಿದಾರನ ಪರ ನಿಂತಿತು. 2002ರ ಮಾರ್ಚ್ 27ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ತಿರುವಿಹಾಕಿ, ಆಡಳಿತದ ವ್ಯಾಖ್ಯೆ ಕಾಯ್ದೆಗೆ ಹೊಂದುತ್ತದೆ ಎಂದಿತು. ಮಾಸಾಶನ ಪಡೆಯುವವರಿಗಿರುವ, ಮುಂದೆ ವಿವರಿಸಲಿರುವ ಪ್ರಾಯೋಗಿಕ ದುಡಿಮೆಯ ರಿಯಾಯಿತಿಯೂ, ತೀರ್ಮಾನಕ್ಕೆ ಮುಂಚೆ 12 ತಿಂಗಳೊಳಗೆ ಕೆಲಸಕ್ಕೆ ಮರಳಿದವರಿಗೆ ದಕ್ಕದೆಂದಾಯಿತು. ಇನ್ನೊಂದು ತಿಂಗಳು ಮನೆಯಲ್ಲಿ ಕೂತಿದ್ದರೆ ಗೆಲ್ಲುತ್ತಿದ್ದವನು ಬೇಗ ಎದ್ದುದಕ್ಕೆ ಸೋತ. ಕಾನೂನಿನ ತರ್ಕ ಸರಿಯಿರಬಹುದು. ಅದರಿಂದ ಅರ್ಜಿದಾರರು ಕಲಿತ ಪಾಠ ಮಾತ್ರ ಯಾವ ಸರ್ಕಾರವೂ ಕಲಿಸಬಾರದಂಥದ್ದು.

ಕ್ಲೀವ್‌ಲ್ಯಾಂಡ್ ಪ್ರಕರಣ ಇದರ ಇನ್ನೊಂದು ಮಗ್ಗುಲು. 1994ರ ಜನವರಿಯಲ್ಲಿ ಪಾರ್ಶ್ವವಾಯುವಾಗಿ ಮಾತು, ನೆನಪು ಕುಂದಿದ ಕ್ಲೀವ್‌ಲ್ಯಾಂಡ್ ಎಂಬ ಮಹಿಳೆಯೊಬ್ಬರು ಎಸ್‌ಎಸ್‌ಡಿಐಗೆ ಅರ್ಜಿ ಹಾಕಿದರು. ಚೇತರಿಸಿಕೊಂಡು ಏಪ್ರಿಲ್‌ನಲ್ಲಿ ಕೆಲಸಕ್ಕೆ ಮರಳಿದರು. ಜುಲೈಯಲ್ಲಿ, ಕೆಲಸಕ್ಕೆ ಮರಳಿದ್ದೀರಿ ಎಂದು ಆಡಳಿತ ಅರ್ಜಿ ತಿರಸ್ಕರಿಸಿತು. ಕೆಲವೇ ದಿನದಲ್ಲಿ ಕಂಪನಿ ಕೆಲಸದಿಂದ ತೆಗೆಯಿತು. ಮತ್ತೆ ಮನವಿ ಮಾಡಿದಾಗ ಮಾಸಾಶನ ಸಿಕ್ಕಿತು. ತನಗೆ ಬೇಕಾದ ಅನುಕೂಲ ಮಾಡಿಕೊಡದೆ ತೆಗೆದರೆಂದು ಆಕೆ 1990ರ ಅಂಗವಿಕಲರ ಕಾಯ್ದೆಯಡಿ ಕಂಪನಿಯ ಮೇಲೆ ದಾವೆ ಹೂಡಿದರು. ದುಡಿಯಲಾರೆ ಎಂದು ಒಂದು ಕಡೆ ಬರೆದುಕೊಟ್ಟವರು ಇನ್ನೊಂದು ಕಡೆ ದುಡಿಯಬಲ್ಲೆ ಎನ್ನುವುದು ಹೇಗೆಂಬುದು ಕಂಪನಿಯ ವಾದ. 1999ರ ಮೇ 24ರಂದು ನ್ಯಾಯಾಲಯ ಒಮ್ಮತದಿಂದ ಹೇಳಿತು: ಎರಡು ಮಾತುಗಳೂ ಒಟ್ಟಿಗೆ ನಿಜವಾಗಿರಬಹುದು, ಏಕೆಂದರೆ ಸಾಮಾಜಿಕ ಭದ್ರತೆ ಅರ್ಜಿದಾರರ ಶಕ್ತಿಯನ್ನು ಅಳೆಯುವಾಗ ಮಾಲೀಕ ಮಾಡಿಕೊಡಬೇಕಾದ ಅನುಕೂಲಗಳನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಆದರೆ ಆ ವಿರೋಧಾಭಾಸಕ್ಕೆ ದಾವೆದಾರರು ಸಾಕಷ್ಟು ವಿವರಣೆ ಕೊಡಬೇಕು. ನಿರುದ್ಯೋಗ ಭತ್ಯೆ ಪಡೆಯುತ್ತಲೇ ಅಂಗವೈಕಲ್ಯಕ್ಕೆ ಅರ್ಜಿ ಹಾಕುವವರೂ ಇಂಥದೇ ಇಕ್ಕಟ್ಟಿನಲ್ಲಿ ಸಿಲುಕುತ್ತಾರೆ. ಅಲ್ಲಿ ‘ದುಡಿಯಲು ಸಿದ್ಧ’ ಎಂದು ಸಹಿ ಹಾಕಬೇಕು.

ಕಾಯುವ ಕಾಲ

ಮೊದಲ ಹಂತದಲ್ಲಿ ಮೂರರಲ್ಲಿ ಸುಮಾರು ಒಂದು ಅರ್ಜಿ ಮಂಜೂರಾಗುತ್ತದೆ. ಉಳಿದವರು 60 ದಿನದೊಳಗೆ ಮರುಪರಿಶೀಲನೆ, ಅದೂ ಬಿದ್ದರೆ ಆಡಳಿತ ನ್ಯಾಯಾಧೀಶರ ವಿಚಾರಣೆ, ಆಮೇಲೆ ಮೇಲ್ಮನವಿ ಮಂಡಳಿ, ಕೊನೆಗೆ ಒಕ್ಕೂಟ ನ್ಯಾಯಾಲಯ ಎಂದು ಅಲೆಯಬೇಕು. 2023–24ರಲ್ಲಿ ಮೊದಲ ಉತ್ತರಕ್ಕೇ ಸರಾಸರಿ ಏಳು ತಿಂಗಳಿಗೂ ಹೆಚ್ಚು ಹಿಡಿಯುತ್ತಿತ್ತು. 2017ರ ಸುಮಾರಿಗೆ ವಿಚಾರಣೆಗೆ ಒಂದೂವರೆ ವರ್ಷಕ್ಕೂ ಮಿಕ್ಕಿ ಕಾದವರಿದ್ದರು. ಮಂಜೂರಾದರೂ ಎಸ್‌ಎಸ್‌ಡಿಐಗೆ ಮೊದಲ ಐದು ಪೂರ್ಣ ತಿಂಗಳ ಹಣವಿಲ್ಲ. ಎಎಲ್‌ಎಸ್ ಎಂಬ ನರರೋಗದವರಿಗಷ್ಟೇ ಈ ಐದು ತಿಂಗಳ ವಿನಾಯಿತಿ. ಮೆಡಿಕೇರ್ ಆರೋಗ್ಯ ವಿಮೆಗೆ ಸಾಮಾನ್ಯವಾಗಿ ಇನ್ನೂ 24 ತಿಂಗಳು. ಬಾಕಿ ಹಣ ಒಟ್ಟಿಗೆ ಬರುತ್ತದೆ ನಿಜ. ಅದರಲ್ಲಿ ಶೇ 25ರವರೆಗೆ, 2024ರ ನವೆಂಬರ್ ಅಂತ್ಯದಿಂದ 9,200 ಡಾಲರಿನ ಮಿತಿಗೊಳಪಟ್ಟು, ವಕೀಲರ ಪಾಲು. ಬಾಡಿಗೆ ಮಾತ್ರ ತಿಂಗಳು ತಿಂಗಳೂ ಕಟ್ಟಬೇಕು.

ದುಡಿಮೆಯನ್ನು ತಡೆಹಿಡಿದು ಕಾಯುವುದು ಅರ್ಜಿದಾರನಿಗೆ ಏನು ಮಾಡುತ್ತದೆ ಎಂದು ಅರ್ಥಶಾಸ್ತ್ರಜ್ಞರು ಕೆದಕಿದ್ದಾರೆ. ಜಾನ್ ಬೌಂಡ್ 1989ರ ಅಧ್ಯಯನದಲ್ಲಿ, ತಿರಸ್ಕೃತರಾದವರಲ್ಲೂ ಅರ್ಧಕ್ಕಿಂತ ಕಡಿಮೆ ಜನ ಕೆಲಸಕ್ಕೆ ಮರಳಿದ್ದನ್ನು ತೋರಿಸಿದರು. ‘ಇವರೆಲ್ಲ ಆರೋಗ್ಯವಂತರು, ಸುಮ್ಮನೆ ಬಂದವರು’ ಎಂಬ ಮಾತಿಗೆ ಅದೊಂದು ಪೆಟ್ಟು. ನಿಕೋಲ್ ಮೇಸ್ಟಾಸ್, ಕ್ಯಾಥ್ಲೀನ್ ಮುಲ್ಲೆನ್, ಅಲೆಗ್ಸಾಂಡರ್ ಸ್ಟ್ರ್ಯಾಂಡ್ 2013ರಲ್ಲಿ ನೋಡಿದ್ದು ಗಡಿಯಲ್ಲಿರುವವರನ್ನು, ಅಂದರೆ ಒಬ್ಬ ಅಧಿಕಾರಿ ಮಂಜೂರು ಮಾಡಿ ಇನ್ನೊಬ್ಬ ತಿರಸ್ಕರಿಸಬಹುದಾದ ಸುಮಾರು ಶೇ 23 ಅರ್ಜಿದಾರರನ್ನು. ಮಾಸಾಶನ ಸಿಗದಿದ್ದರೆ ಎರಡು ವರ್ಷದ ನಂತರ ಅವರಲ್ಲಿ ಕೆಲಸದಲ್ಲಿರುವವರ ಪ್ರಮಾಣ 28 ಶೇಕಡಾ ಅಂಶ ಹೆಚ್ಚಿರುತ್ತಿತ್ತು ಎಂದು ಅವರ ಲೆಕ್ಕ. ಅದೇ ತಂಡ ಡೇವಿಡ್ ಆಟರ್ ಜೊತೆ ಸೇರಿ ಇನ್ನೊಂದು ಸಂಗತಿ ಕಂಡುಕೊಂಡಿತು: ಅರ್ಜಿಯ ಇತ್ಯರ್ಥ ತಡವಾದಷ್ಟೂ, ಮುಂದೆ ಅರ್ಜಿದಾರ ಕೆಲಸಕ್ಕೆ ಮರಳುವ ಸಂಭವ ಇಳಿಯುತ್ತದೆ. ಕೈ ಜಡ್ಡುಗಟ್ಟುತ್ತದೆ, ಪರಿಚಯಗಳು ತಪ್ಪುತ್ತವೆ. ಬೌಂಡ್ ಕಂಡ ಸೋತವರ ಸ್ಥಿತಿಗೆ ಕಾಯಿಲೆಯ ಜೊತೆ ಕಾಯುವಿಕೆಯ ಪಾಲೂ ಇರಬಹುದು ಎಂಬ ಅರ್ಥ ಇದರಿಂದ ಹೊರಡುತ್ತದೆ.

ಮಂಜೂರಾದ ಮೇಲೆ

ವಿಚಿತ್ರವೆಂದರೆ ಬಾಗಿಲಾಚೆ ಅಷ್ಟು ಬಿಗಿಯಾಗಿದ್ದ ಕಾನೂನು ಒಳಬಂದವರಿಗೆ ದುಡಿಯಿರಿ ಎಂದು ಉಪಚಾರ ಹೇಳುತ್ತದೆ. ಎಸ್‌ಎಸ್‌ಡಿಐ ಪಡೆಯುವವರು 60 ತಿಂಗಳ ಅವಧಿಯಲ್ಲಿ ಒಂಬತ್ತು ತಿಂಗಳು ಎಷ್ಟು ಬೇಕಾದರೂ ಗಳಿಸಬಹುದು. 2025ರಲ್ಲಿ 1,160 ಡಾಲರ್ ಮೀರಿದ ತಿಂಗಳನ್ನು ಆ ಒಂಬತ್ತರಲ್ಲಿ ಒಂದೆಂದು ಎಣಿಸುತ್ತಾರೆ. ಆಮೇಲಿನ 36 ತಿಂಗಳಲ್ಲಿ ಗಳಿಕೆ ಗೆರೆಯ ಕೆಳಗಿಳಿದ ತಿಂಗಳು ಹಣ ಮತ್ತೆ ಬರುತ್ತದೆ. ಮಾಸಾಶನ ನಿಂತುಹೋದರೂ ಐದು ವರ್ಷದೊಳಗೆ ಹೊಸ ಅರ್ಜಿಯಿಲ್ಲದೆ ಮತ್ತೆ ಪಡೆಯುವ ದಾರಿಯನ್ನು 1999ರ ಡಿಸೆಂಬರ್‌ನಲ್ಲಿ ಕ್ಲಿಂಟನ್ ಸಹಿ ಹಾಕಿದ ಕಾಯ್ದೆ ತೆರೆಯಿತು.

ಎಸ್‌ಎಸ್‌ಐನಲ್ಲಿ ಹಣ ಥಟ್ಟನೆ ನಿಲ್ಲದು, ಇಳಿಯುತ್ತಾ ಹೋಗುತ್ತದೆ. ಗಳಿಕೆಯಲ್ಲಿ ಮೊದಲು 20, ಆಮೇಲೆ 65 ಡಾಲರ್ ಬಿಟ್ಟು ಉಳಿದದ್ದರ ಅರ್ಧವನ್ನು ಮಾತ್ರ ಕಳೆಯುತ್ತಾರೆ. 585 ಗಳಿಸಿದರೆ ಕಳೆಯುವುದು 250, ಕೈಗೆ ಬರುವುದು 717. ಈ 20, ಈ 65 ಎರಡೂ 1974ರವು. ಐವತ್ತು ವರ್ಷವಾದರೂ ಒಂದು ಸೆಂಟ್ ಏರಿಲ್ಲ.

ಒಳಗಿದ್ದವರ ನೆಮ್ಮದಿಯೂ ಶಾಶ್ವತವಲ್ಲ. 1981ರಿಂದ ರೇಗನ್ ಸರ್ಕಾರ ನಡೆಸಿದ ಸಾಮೂಹಿಕ ಮರುಪರಿಶೀಲನೆಯಲ್ಲಿ ಸುಮಾರು 5 ಲಕ್ಷ ಜನರ ಮಾಸಾಶನ ಕಡಿತವಾಯಿತು. ಮೇಲ್ಮನವಿಯಲ್ಲಿ ಅದನ್ನು ಮರಳಿ ಪಡೆದವರೇ 2 ಲಕ್ಷಕ್ಕೂ ಹೆಚ್ಚು. ರೊಚ್ಚಿಗೆದ್ದ ಕಾಂಗ್ರೆಸ್ಸು 1984ರಲ್ಲಿ ಒಂದೂ ವಿರೋಧ ಮತವಿಲ್ಲದೆ ಸುಧಾರಣಾ ಕಾಯ್ದೆ ಮಾಡಿ, ಆರೋಗ್ಯ ಸುಧಾರಿಸಿದ್ದಕ್ಕೆ ಪುರಾವೆಯಿಲ್ಲದೆ ಸಾಮಾನ್ಯವಾಗಿ ಮಾಸಾಶನ ನಿಲ್ಲಿಸುವಂತಿಲ್ಲ ಎಂದಿತು.

ಬೇರೆಡೆ, ಮತ್ತು ನಮ್ಮವರು

ಜರ್ಮನಿಯಲ್ಲಿ ಅಳತೆ ಹಣದ್ದಲ್ಲ, ಗಂಟೆಯದು: ದಿನಕ್ಕೆ ಮೂರು ಗಂಟೆಯೂ ದುಡಿಯಲಾಗದವರಿಗೆ ಪೂರ್ಣ, ಮೂರರಿಂದ ಆರು ಗಂಟೆಯೊಳಗೆ ದುಡಿಯಬಲ್ಲವರಿಗೆ ಭಾಗಶಃ ಪಿಂಚಣಿ. ಬ್ರಿಟನ್ನಿನ ವೈಯಕ್ತಿಕ ಸ್ವಾವಲಂಬನೆ ಭತ್ಯೆಗೂ ಉದ್ಯೋಗಕ್ಕೂ ಸಂಬಂಧವೇ ಇಲ್ಲ. ಭಾರತದ 1948ರ ಇಎಸ್‌ಐ ಕಾಯ್ದೆಯಲ್ಲಿ ತಾತ್ಕಾಲಿಕ ಅಸಾಮರ್ಥ್ಯದ ಪರಿಹಾರ ಕೆಲಸ ಮಾಡಿದ ದಿನಕ್ಕೆ ಸಿಗದು. ಶಾಶ್ವತ ಅಸಾಮರ್ಥ್ಯದ್ದು ಮತ್ತೆ ಅದೇ ಕಾರ್ಖಾನೆಗೆ ಹೋದರೂ ನಿಲ್ಲದು. ಸೇವೆಯಲ್ಲಿದ್ದಾಗ ಅಂಗವಿಕಲರಾದ ಸರ್ಕಾರಿ ನೌಕರರನ್ನು ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುತ್ತದೆ. ನಾಡಕಚೇರಿಗೆ ಅರ್ಜಿ ಕೊಟ್ಟು ಪಡೆಯುವ ನಮ್ಮ ಅಂಗವಿಕಲ ಮಾಸಾಶನಕ್ಕೆ ಆದಾಯದ ಮಿತಿ ಇದೆ. ಬೀಡಿ ಕಟ್ಟಿದಿರಾ, ಹೊಲಿಗೆ ಯಂತ್ರ ತುಳಿದಿರಾ ಎಂದು ಅದನ್ನೇ ಅಂಗವಿಕಲತೆಗೆ ವಿರುದ್ಧ ಸಾಕ್ಷ್ಯವಾಗಿ ಹಿಡಿಯುವುದಿಲ್ಲ. ಮೊತ್ತ ಚಿಕ್ಕದು, ಅನುಮಾನವೂ ಚಿಕ್ಕದು.

ಅಮೆರಿಕದಲ್ಲಿ ಎಚ್-1ಬಿ ವೀಸಾದ ಮೇಲಿರುವ ಕನ್ನಡಿಗರೂ ಪ್ರತಿ ಸಂಬಳದಿಂದ ಈ ವಿಮೆಯ ಕಂತು ಕಟ್ಟುತ್ತಾರೆ, ಅಂಕ ಗಳಿಸುತ್ತಾರೆ. ಆದರೆ ಅವರ ವೀಸಾ ನಿಂತಿರುವುದು ಕೆಲಸದ ಮೇಲೆ. ದುಡಿಯಲಾಗದೆ ಕೆಲಸ ಬಿಟ್ಟರೆ ದೇಶದಲ್ಲಿರುವ ಹಕ್ಕೇ ಅಲ್ಲಾಡುತ್ತದೆ, ಕೆಲಸ ಹಿಡಿದುಕೊಂಡರೆ ಅರ್ಜಿ ಮೊದಲ ಮೆಟ್ಟಿಲಲ್ಲೇ ಬೀಳುತ್ತದೆ. ಎಸ್‌ಎಸ್‌ಐ ಅಂತೂ 1996ರ ಕಾನೂನಿನ ನಂತರ ಪೌರತ್ವವಿಲ್ಲದ ಬಹುತೇಕರಿಗೆ ಮುಚ್ಚಿದ ಬಾಗಿಲು. ಎರಡು ದೇಶಗಳಲ್ಲಿ ಕಟ್ಟಿದ ಕಂತುಗಳನ್ನು ಒಟ್ಟುಗೂಡಿಸಿ ಎಣಿಸುವ ಒಪ್ಪಂದವನ್ನು ಅಮೆರಿಕ ಹಲವು ದೇಶಗಳೊಂದಿಗೆ ಮಾಡಿಕೊಂಡಿದೆ. ಭಾರತದೊಂದಿಗೆ ಅಂಥ ಒಪ್ಪಂದ 2025ರವರೆಗೂ ಆಗಿಲ್ಲ.